ಮುಂಗಾರು ಮಳೆ: ಅಷ್ಟೊಂದು ಹೊಗಳಿಕೆ ಬೇಕಿತ್ತಾ?

ಮೊದಲೇ ಹೇಳಿಬಿಡ್ತೀನಿ, ನಾನು ಸಿನಿಮಾ ವಿಮರ್ಶಕ ಅಲ್ಲ. ಕ್ಯಾಮೆರಾ, ಎಡಿಟಿಂಗು ಅಂತೆಲ್ಲಾ ನನಗೆ ಹೆಚ್ಚು ತಿಳಿಯೋದಿಲ್ಲ. ಆದ್ರೆ 'ಮುಂಗಾರು ಮಳೆ' ಬಗ್ಗೆ ಮಾತಾಡೋಕೆ ಕನ್ನಡದವರಿಗೆ ಲೈಸೆನ್ಸ್ ಬೇಕಾ? :)

2006ರ ಡಿಸೆಂಬರ್ 29ಕ್ಕೆ ಬಿಡುಗಡೆಯಾದ ಸಿನಿಮಾ ಇದು. ಯೋಗರಾಜ ಭಟ್ಟರು ಅದಕ್ಕೂ ಮುಂಚೆ 'ಮಣಿ', 'ರಂಗ ಎಸ್ಸೆಸ್ಸೆಲ್ಸಿ' ಮಾಡಿದ್ದರು. ಗಣೇಶ್ ಅಂದ್ರೆ ಟಿವಿಯ 'ಕಾಮಿಡಿ ಟೈಮ್' ಹುಡುಗ ಅಂತಲೇ ಜನಕ್ಕೆ ಗೊತ್ತು. ದೊಡ್ಡ ಸ್ಟಾರ್ ಅಂತ ಇದ್ದಿದ್ದು ಅನಂತನಾಗ್ ಒಬ್ಬರೇ. ಇನ್ನೊಂದು ದೇವದಾಸ ಅನ್ನೋ ಮೊಲ! ಇಷ್ಟನ್ನೇ ಇಟ್ಟುಕೊಂಡು ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿತು. 2008ರಲ್ಲಿ ತೆಲುಗಿನಲ್ಲಿ 'ವಾನ' ಆಯ್ತು, ಬಂಗಾಳಿಯಲ್ಲಿ 'ಪ್ರೇಮೇರ್ ಕಾಹಿನಿ' ಆಯ್ತು. 2016ರಲ್ಲಿ ಎರಡನೇ ಭಾಗ ಅಂತಲೂ ಒಂದು ಬಂತು, ಅದರ ಮಾತು ಇಲ್ಲಿ ಬೇಡ ಬಿಡಿ.

ನಮ್ಮೂರು ಬುಕ್ಕಸಾಗರ. ಆ ಕಡೆ ಹಂಪಿ, ಈ ಕಡೆ ಕಂಪ್ಲಿ, ಪಕ್ಕದಲ್ಲೇ ತುಂಗಭದ್ರೆ. ಬಾಳೆ, ಭತ್ತ, ಕಬ್ಬು ನಮ್ಮ ಬದುಕು. ಆ ಸಿನಿಮಾ ಬಂದ ಹೊಸದರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಲ್ಲೆಲ್ಲಾ ಅದೇ ಹಾಡು. ಜಯಂತ ಕಾಯ್ಕಿಣಿ ಬರೆದಿದ್ದು, ಮನೋಮೂರ್ತಿ ರಾಗ ಹಾಕಿದ್ದು, ಸೋನು ನಿಗಮ್ ಹಾಡಿದ್ದು. ಬರೆದವರು ಯಾರು ಅಂತ ಕೇಳದ ಜನ ಕೂಡ "ಇವ್ರು ಯಾರ್ರೀ, ಇಷ್ಟು ಚಂದ ಬರದಾರ?" ಅಂತ ಕೇಳಿದ್ದನ್ನ ನಾನೇ ಕೇಳಿದ್ದೀನಿ. ಒಬ್ಬ ಸಣ್ಣಕತೆಗಾರನ ಹೆಸರು ಟ್ರ್ಯಾಕ್ಟರ್ ಡ್ರೈವರ್ ಬಾಯಿಗೆ ಬಂತಲ್ಲ, ಅದಕ್ಕೆ ಎಷ್ಟು ಹೊಗಳಿದರೂ ಕಮ್ಮಿಯೇ.

ಇನ್ನು ಮಳೆ. ಒಂದು ತಮಾಷೆ ಗೊತ್ತಾ? ಆ ಸಿನಿಮಾದಲ್ಲಿ ಸುರಿಯೋ ಮಳೆಯ ಒಂದು ಹನಿಯೂ ನಮ್ಮ ಹೊಳೆಗೆ ಬರೋದಿಲ್ಲ. ಮಡಿಕೇರಿಯ ಮಳೆ ಕಾವೇರಿಗೆ ಹೋಗುತ್ತೆ. ಸಕಲೇಶಪುರದ್ದು ಹೇಮಾವತಿ ಸೇರಿ ಅದೂ ಕಾವೇರಿಗೇ. ಜೋಗದ್ದು ಶರಾವತಿಯಲ್ಲಿ ಅರಬ್ಬೀ ಸಮುದ್ರಕ್ಕೆ. ನಮಗೆ ಬೇಕಿರೋದು ಗಂಗಾಮೂಲದ ಕಡೆ ಬೀಳೋ ಮಳೆ. ಅಲ್ಲಿ ಬಿದ್ದರೆ ಇಲ್ಲಿ ಡ್ಯಾಂ ತುಂಬುತ್ತೆ, ಕಾಲುವೆಗೆ ನೀರು ಬಿಡ್ತಾರೆ, ನಾಟಿ ಆಗುತ್ತೆ. ನಮ್ಮ ಆಕಾಶದಿಂದ ಬೀಳೋದನ್ನ ನಂಬಿಕೊಂಡು ಕೂತರೆ ಅಷ್ಟೇ ಕತೆ! ಮಳೆ ಅಂದ್ರೆ ಬೇರೆಲ್ಲೋ ಬೀಳೋದು, ನಾವು ಅದರ ಸುದ್ದಿ ಕೇಳಿ ಖುಷಿಪಡೋದು. ಹಂಗಾಗಿ ಎರಡೂವರೆ ತಾಸು ಕಣ್ಣೆದುರಿಗೇ ಸುರಿಯೋ ಮಳೆ ಕಂಡು ನಮ್ಮೂರಿನವರು ಮರುಳಾಗಿದ್ದು ಸಹಜ ಬಿಡಿ. ಛಾಯಾಗ್ರಾಹಕ ಕೃಷ್ಣ ಅವರಿಗೊಂದು ನಮಸ್ಕಾರ.

ಮಾತೂ ಅಷ್ಟೇ. 'ಜೋಗಿ' ಬಂದ ಮೇಲೆ ಒಂದಷ್ಟು ಕಾಲ ಮಚ್ಚು-ಲಾಂಗುಗಳದ್ದೇ ದರ್ಬಾರು. ಅಂಥಾದ್ದರಲ್ಲಿ ಇಲ್ಲೊಬ್ಬ ಹೀರೋ ಬಂದು ಮೊಲದ ಜೊತೆ, ಮಳೆ ಜೊತೆ, ತನ್ನ ಜೊತೆಯೇ ವಟವಟ ಮಾತಾಡಿದ. ಪಕ್ಕದ್ಮನೆ ಹುಡುಗನ ಥರ ಇದ್ದ.

ಇಷ್ಟೂ ಹೊಗಳಿಕೆ ನ್ಯಾಯವೇ. ಆದ್ರೆ ಜನ ಹೊಗಳೋದು ಇದಕ್ಕಷ್ಟೇ ಅಲ್ಲವಲ್ಲ... 'ಎಂಥಾ ಪ್ರೀತಿ, ಎಂಥಾ ತ್ಯಾಗ' ಅಂತಾರಲ್ಲ, ತಕರಾರು ಇರೋದು ಅಲ್ಲಿ.

ಹೋದ ತಿಂಗಳು ಅಕ್ಕ ಮಗಳನ್ನ ಕರಕೊಂಡು ಊರಿಗೆ ಬಂದಿದ್ದಳು. ಹುಡುಗಿ ಡಿಗ್ರಿ ಮುಗಿಸಿ ಹೊಸಪೇಟೆಯಲ್ಲಿ ಕೆಲಸಕ್ಕೆ ಹೋಗ್ತಾಳೆ. ಒಂದು ಸಂಬಂಧ ಬಂದಿತ್ತು, ಹೆಚ್ಚುಕಮ್ಮಿ ಒಪ್ಪಿದಂಗೇ ಆಗಿತ್ತು. ಟಿವಿಯಲ್ಲಿ ಇದೇ ಸಿನಿಮಾ. ಅಕ್ಕ ಎಂದಿನಂಗೆ ಕೊನೆಯಲ್ಲಿ ಕಣ್ಣೊರೆಸಿಕೊಂಡಳು. ಹುಡುಗಿ ಮಾತ್ರ ನನ್ನ ಕಡೆ ತಿರುಗಿ, "ಮಾವಾ, ಆ ಕರ್ನಲ್ಲು ತನ್ನ ಆಸೆ ಹೇಳಿದ, ಇವನು ಹಿಂದಕ್ಕ ಸರದ. ಆಕೀನ ಯಾರರ ಕೇಳಿದ್ರಾ?" ಅಂದಳು.

"ಏ, ಅದು ಕತಿ, ಬಿಡವ್ವಾ" ಅಂದಳು ಅಕ್ಕ.

"ಕತಿ ಅಂತೀ, ಮತ್ತ ಅಳ್ತೀಯಲ್ಲಮ್ಮ. ಅವನಿಗೋಸ್ಕರ ಅಳ್ತೀ. ಆಕಿಗೋಸ್ಕರ ಯಾಕ ಅಳಂಗಿಲ್ಲ?"

ಅಕ್ಕನ ಹತ್ರ ಉತ್ತರ ಇರಲಿಲ್ಲ. ಅವಳು ಕೇಳ್ತಿದ್ದಿದ್ದು ಬರೀ ಸಿನಿಮಾದ ನಂದಿನಿ ಬಗ್ಗೆ ಅಲ್ಲ ಅಂತ ಮೂವರಿಗೂ ಗೊತ್ತಿತ್ತು. "ಆ ಕಡೆಯವರಿಗೆ ಮಾತು ಕೊಡೋಕಿಂತ ಮುಂಚೆ ಇವಳನ್ನೊಂದು ಸಲ ಕೂರಿಸ್ಕೊಂಡು ಕೇಳಕ್ಕಾ" ಅಂದೆ. ಅವತ್ತು ರಾತ್ರಿ ತಾಯಿ-ಮಗಳು ಬಹಳ ಹೊತ್ತು ಕಟ್ಟೆ ಮೇಲೆ ಕೂತು ಮಾತಾಡಿದರು. ಏನು ಮಾತಾಡಿದರೋ ಕೇಳಲಿಲ್ಲ. ಆದ್ರೆ ಬೆಳಿಗ್ಗೆ ಅಕ್ಕ ಫೋನ್ ಮಾಡಿ, "ಇನ್ನ ಸ್ವಲ್ಪ ದಿನ ತಡೀರಿ" ಅಂತ ಆ ಕಡೆಯವರಿಗೆ ಹೇಳಿದಳು.

ಹುಡುಗಿ ಹೇಳಿದ್ದು ಸರಿ ತಾನೇ? ನಂದಿನಿಗೂ ಪ್ರೀತಮ್ ಮೇಲೆ ಮನಸ್ಸಾಗಿತ್ತು. ಅವನು ತ್ಯಾಗ ಮಾಡಿದ್ದು ಬರೀ ತನ್ನದನ್ನಲ್ಲ, ಅವಳದ್ದನ್ನೂ. ಅವಳದ್ದನ್ನ ಬಿಟ್ಟುಕೊಡೋಕೆ ಇವನ್ಯಾರು? ಮಗಳು ಬಯಸಿದ್ದಕ್ಕಿಂತ ತಂದೆಯ ಆಸೆ ದೊಡ್ಡದು ಅಂತ ಸಿನಿಮಾ ಹೇಳುತ್ತೆ. ಆದ್ರೆ ಎಷ್ಟು ಚಂದದ ಮಳೆಯಲ್ಲಿ ನೆನೆಸಿ ಹೇಳುತ್ತೆ ಅಂದ್ರೆ, ಗೊತ್ತೇ ಆಗೋದಿಲ್ಲ. ದೇವದಾಸ ಸತ್ತಾಗ ಅಳ್ತೀವಲ್ಲ, ಆ ಮೊಲಕ್ಕೆ ಸಿಕ್ಕ ಕಣ್ಣೀರಿನಲ್ಲಿ ಅರ್ಧವೂ ನಂದಿನಿಗೆ ಸಿಗಲಿಲ್ಲ.

ಹಾಗಂತ ಸಿನಿಮಾನ ದ್ವೇಷಿಸಬೇಕಾ? ನನ್ನ ಕೈಲಾಗಲ್ಲಪ್ಪ. ಹಾಡು, ಮಳೆ, ಮಾತಿಗೆ ನೂರಕ್ಕೆ ನೂರು. ತ್ಯಾಗಕ್ಕೆ ಮಾತ್ರ ಫೇಲು. ಟ್ರ್ಯಾಕ್ಟರಿನಲ್ಲಿ ಆ ಹಾಡು ಬಂದರೆ ಇವತ್ತೂ ಎರಡು ನಿಮಿಷ ನಿಂತು ಕೇಳ್ತೀನಿ. ಆದ್ರೆ ಯಾರಾದ್ರೂ 'ಪ್ರೀತಿ ಅಂದ್ರೆ ಪ್ರೀತಮ್ ಥರ ಇರಬೇಕು' ಅಂದ್ರೆ, 'ನಂದಿನಿನೂ ಒಂದು ಮಾತು ಕೇಳಿ ಸ್ವಾಮಿ' ಅಂತೀನಿ.

ನೀವೇನಂತೀರಿ?