ಬೆಳಗಾಗುವವರೆಗೆ ಕಾಯಬಾರದು

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಲಕ್ವಾ ಹೊಡೆಯಿತೆಂದರೆ ಮೊದಲು ಎಣ್ಣೆ ತಿಕ್ಕುತ್ತಾರೆ. ಹೆಂಗಸಾದರಂತೂ ‘ಬೆಳಗಾಗಲಿ, ನೋಡೋಣ’ ಎಂಬ ಮಾತು ಬೇಗ ಬರುತ್ತದೆ. ರೊಕ್ಕ ಯಾಕೆ ಸುಮ್ಮನೆ ಎಂದು ಆಕೆಯೇ ತಡೆಯುವುದೂ ಉಂಟು!

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೂ ಲಕ್ವಾ, ನಾಳ ಒಡೆದು ರಕ್ತ ಸೋರಿದರೂ ಲಕ್ವಾ. ಬಾಯಿ ಸೊಟ್ಟಗಾಗುವುದು, ಕೈ ಬಿದ್ದುಹೋಗುವುದು ಎರಡರಲ್ಲೂ ಒಂದೇ ತರಹ. ಆದರೆ ಹೆಪ್ಪು ಕರಗಿಸುವ ಔಷಧಿಯನ್ನು ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಎಂಥ ಅನುಭವಸ್ಥ ಡಾಕ್ಟರಿಗೂ ಹೊರಗಿನಿಂದ ನೋಡಿ ಇದನ್ನು ಖಚಿತವಾಗಿ ಹೇಳಲಾಗದು. ಸಿ.ಟಿ. ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಎಕ್ಸ್-ರೇ ಕಿರಣಗಳನ್ನು ತಲೆಯ ಸುತ್ತಲಿಂದ ಹಾಯಿಸಿದಾಗ, ಸೌತೆಕಾಯಿ ತೆಳ್ಳಗೆ ಹೆಚ್ಚಿಟ್ಟಂತೆ, ಒಳಗಿನ ಒಂದೊಂದು ಪದರದ ಚಿತ್ರವನ್ನೂ ಕಂಪ್ಯೂಟರು ಕಟ್ಟಿಕೊಡುತ್ತದೆ. ಹೊಸದಾಗಿ ಸೋರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕಟ್ಟಿದ ಈ ಯಂತ್ರದಲ್ಲಿ 1971ರಲ್ಲಿ, ಲಂಡನ್ನಿನಲ್ಲಿ, ಮೊದಲು ನೋಡಿದ್ದೂ ಒಬ್ಬ ಹೆಂಗಸಿನ ತಲೆಯನ್ನೇ.

ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ 4½ ಗಂಟೆಯ ಗಡುವು. ಮಸ್ಕಿಯಿಂದ ರಾಯಚೂರಿಗೆ ಹೋಗುವುದರಲ್ಲೇ ಅದರಲ್ಲೊಂದು ದೊಡ್ಡ ಪಾಲು ಕಳೆಯುತ್ತದೆ. ಹೊರಡುವಾಗ, ಕೊನೆಯ ಸಲ ಎಷ್ಟು ಗಂಟೆಗೆ ನೆಟ್ಟಗಿದ್ದರೆಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ನಮ್ಮ ಓಣಿಯ ಒಬ್ಬಾಕೆಯನ್ನು ಕರೆದೊಯ್ದದ್ದು ಮರುದಿನ ಮಧ್ಯಾಹ್ನ. ಹೆಪ್ಪೆಂದು ಸ್ಕ್ಯಾನಿನಲ್ಲಿ ತಿಳಿಯಿತು, ಗಡುವು ಮುಗಿದಿತ್ತು. ಈಗ ಎಡಗೈಯೊಂದರಲ್ಲೇ ರೊಟ್ಟಿ ಬಡಿಯುತ್ತಾಳೆ.