ಉಮ್ಮನ ಐವತ್ತು ರಿಯಾಲ್

ಪವಿತ್ರ ಯಾತ್ರೆಗೆ ಹೊರಡುವಾಗ ನಾವು ಮಹಿಳೆಯರು ದುಆಗಳನ್ನು ಬಾಯಿಪಾಠ ಮಾಡುತ್ತೇವೆ, ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತೇವೆ. ಖರ್ಚಿನ ಹಣದ ಮಾತು ಬಂದರೆ ಮಾತ್ರ ‘ಅದನ್ನು ಗಂಡಸರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಾಗುತ್ತೇವೆ. 2024ರ ನವೆಂಬರ್‌ನಲ್ಲಿ ಉಮ್ರಾಕ್ಕೆ ಹೋದಾಗ ನಾನೂ ಹಾಗೆಯೇ ಇದ್ದೆ.

ಪತಿ, ನಾನು ಮತ್ತು ನನ್ನ ಉಮ್ಮ ಹೊರಟಿದ್ದೆವು. ಪತಿ ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡ್ ಮಾಡಿಸಿ 2,000 ರಿಯಾಲ್ ತುಂಬಿಸಿದ್ದರು. ರಿಯಾಲ್ ಒಂದಕ್ಕೆ ಸುಮಾರು 23 ರೂಪಾಯಿ ಬಿದ್ದಿತ್ತು. ಜೊತೆಗೆ ಕೈಖರ್ಚಿಗೆ 500 ರಿಯಾಲ್ ನೋಟುಗಳು. ಎಲ್ಲವೂ ಅವರ ಸೊಂಟಪಟ್ಟಿಯಲ್ಲಿ ಭದ್ರವಾಗಿದ್ದವು.

ಮಕ್ಕಾದಲ್ಲಿ ನಮ್ಮ ಕೊಠಡಿ ಅಝೀಝಿಯಾದಲ್ಲಿತ್ತು. ಮಂಡಿನೋವಿನ ಉಮ್ಮನಿಗೆ ಹರಮ್‌ನಿಂದ ಅಲ್ಲಿಗೆ ನಡೆದು ಹೋಗುವುದು ಸಾಧ್ಯವಿರಲಿಲ್ಲ. ಮೂರನೆಯ ರಾತ್ರಿ ಇಶಾ ನಮಾಝ್‌ನ ಬಳಿಕ ಕಿಂಗ್ ಫಹದ್ ಬಾಗಿಲ ಬಳಿ ಸೇರುವುದೆಂದು ಮಾತಾಗಿತ್ತು. ಆದರೆ ಜನಸಂದಣಿಯನ್ನು ಕಾವಲುಗಾರರು ಬೇರೆ ದಾರಿಗೆ ತಿರುಗಿಸಿದರು. ಒಂದು ಗಂಟೆ ಕಾದರೂ ಪತಿಯ ಸುಳಿವಿಲ್ಲ. ನನ್ನ ಮೊಬೈಲ್‌ನಲ್ಲಿ ಅಲ್ಲಿನ ಸಿಮ್ ಇರಲಿಲ್ಲ. ಗುಂಪಿನ ಬಸ್ಸು ಹೊರಟುಹೋಗಿತ್ತು. ಚೀಲದಲ್ಲಿ ಒಂದು ರಿಯಾಲ್ ಕೂಡಾ ಇರಲಿಲ್ಲ. ಬಿ.ಎ. ಓದಿದ, ಮಕ್ಕಳಿಗೆ ಪಾಠ ಹೇಳುವ ನನ್ನ ಕಣ್ಣಲ್ಲಿ ನೀರು ಬಂತು.

ಆಗ ಉಮ್ಮ ಬುರ್ಖಾದೊಳಗಿನ ಸಣ್ಣ ಚೀಲದಿಂದ ಮಡಚಿಟ್ಟ ಐವತ್ತು ರಿಯಾಲ್‌ನ ನೋಟು ತೆಗೆದರು. ಉಮ್ರಾ ಮುಗಿಸಿ ಬಂದ ನೆರೆಮನೆಯವರಿಂದ ರೂಪಾಯಿ ಕೊಟ್ಟು ಪಡೆದಿದ್ದರಂತೆ. “ಹೆಣ್ಣು ಬರಿಗೈಯಲ್ಲಿ ಮನೆ ದಾಟಬಾರದು ಮಗಳೇ” ಎಂದರು. ಮದ್ರಸದಲ್ಲಿ ಕಲಿತ ಅರಬಿಯಲ್ಲಿ ಟ್ಯಾಕ್ಸಿಯವನಿಗೆ ವಿಳಾಸ ಹೇಳಿದೆ. ಅವನು ಇಪ್ಪತ್ತೈದು ರಿಯಾಲ್ ತೆಗೆದುಕೊಂಡ. ನಾವು ತಲುಪಿದ ಅರ್ಧ ಗಂಟೆಗೆ ಪತಿಯೂ ಗಾಬರಿಯಿಂದ ಓಡಿಬಂದರು. ಅಲ್‌ಹಮ್ದುಲಿಲ್ಲಾಹ್!

ಮರುದಿನವೇ ಹಣವನ್ನು ಮೂವರೂ ಹಂಚಿಕೊಂಡೆವು. ಕೊಠಡಿಯ ವಿಳಾಸದ ಚೀಟಿಯನ್ನೂ ಅದರೊಂದಿಗೆ ಇಟ್ಟೆವು. ಕಾರ್ಡಿನ ವಿಚಾರವನ್ನು ನಾನೂ ಕಲಿತೆ. ಕಾರ್ಡಿಗೆ ರಿಯಾಲನ್ನೇ ತುಂಬಿಸಬೇಕು. ಡಾಲರ್ ತುಂಬಿಸಿದರೆ ಅದನ್ನು ರಿಯಾಲ್‌ಗೆ ಬದಲಿಸಲು ಮತ್ತೆ ಶುಲ್ಕ ತೆರಬೇಕಾಗುತ್ತದೆ. ಎಟಿಎಂನಲ್ಲಿ ಪ್ರತಿ ಸಲವೂ ಶುಲ್ಕ ಕಡಿತವಾಗುವುದರಿಂದ ಐವತ್ತು, ನೂರೆಂದು ತೆಗೆಯದೆ ಕೆಲವು ದಿನಗಳಿಗೆ ಬೇಕಾದಷ್ಟನ್ನು ಒಮ್ಮೆಗೇ ತೆಗೆಯುವುದು ಲೇಸು. ಅಂಗಡಿಯ ಯಂತ್ರ ‘ರೂಪಾಯಿಯೋ, ರಿಯಾಲೋ’ ಎಂದು ಕೇಳಿದರೆ ರಿಯಾಲ್ ಒತ್ತಬೇಕು. ರೂಪಾಯಿ ಒತ್ತಿದರೆ ದರ ದುಬಾರಿ. ಊರಿನ ಡೆಬಿಟ್ ಕಾರ್ಡನ್ನೇ ನಂಬಿ ಹೋಗುವವರು ವಿದೇಶ ಬಳಕೆಗೆ ಅದನ್ನು ತೆರೆಸಿಕೊಂಡಿರಬೇಕು. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಈ ಸೌಲಭ್ಯ ತಾನಾಗಿ ಇರುವುದಿಲ್ಲ. ಪಿನ್ ಸಂಖ್ಯೆ ಕಾರ್ಡಿನ ಜೊತೆ ಬರೆದಿಡದೆ ಇಬ್ಬರ ನೆನಪಿನಲ್ಲಿರಲಿ.

ಹಿಂದೆ ಭಾರತೀಯ ಹಜ್ ಸಮಿತಿಯ ಮೂಲಕ ಹೋಗುವವರಿಗೆ, ಅವರು ಕಟ್ಟಿದ ಹಣದಿಂದಲೇ 2,100 ರಿಯಾಲ್ ಕೈಗೆ ಸಿಗುತ್ತಿತ್ತು. 2023ರಲ್ಲಿ ಆ ಪದ್ಧತಿ ನಿಂತು, ಖರ್ಚಿನ ರಿಯಾಲನ್ನು ಯಾತ್ರಿಕರೇ ಹೊಂದಿಸಿಕೊಳ್ಳುವಂತಾಯಿತು. ಆದ್ದರಿಂದ ಈ ತಿಳಿವಳಿಕೆ ಹಜ್ಜಿಗೆ ಹೋಗುವ ಸಹೋದರಿಯರಿಗೂ ಬೇಕು.

ಮದೀನಾದಲ್ಲಿ ಇನ್ನೊಂದು ಪರೀಕ್ಷೆ. ಮಸ್ಜಿದುನ್ನಬವಿಯಿಂದ ಹೊರಬಂದರೆ ಖರ್ಜೂರ, ಅತ್ತರು, ಮುಸಲ್ಲಾ, ಮಕ್ಕಳ ಆಟಿಕೆ. ಎರಡು, ಐದು ರಿಯಾಲ್ ಎಂದರೆ ಅಗ್ಗವೆನಿಸುತ್ತದೆ. ರೂಪಾಯಿಯ ಲೆಕ್ಕಕ್ಕೆ ಗುಣಿಸಿದಾಗ ಕೈ ಹಿಂದೆ ಸರಿಯುತ್ತದೆ. ನಮ್ಮ ಗುಂಪಿನ ಒಬ್ಬ ಸಹೋದರಿ ಉಡುಗೊರೆಗಳಿಗೇ ಎಲ್ಲವನ್ನೂ ಮುಗಿಸಿ, ಕೊನೆಯ ದಿನ ಜ್ವರದ ಮಾತ್ರೆಗೆ ಸಾಲ ಕೇಳಬೇಕಾಯಿತು. ಉಮ್ಮ ಮಾತ್ರ ಊರಿನಲ್ಲೇ ಪಟ್ಟಿ ಮಾಡಿ ತಂದಿದ್ದರು. ಪಟ್ಟಿಯಲ್ಲಿದ್ದದ್ದು ಅಜ್ವಾ ಖರ್ಜೂರ ಮತ್ತು ನಾಲ್ಕು ತಸ್ಬೀಹ್, ಅಷ್ಟೇ.

ಇಬ್ನು ಅಬ್ಬಾಸ್(ರ)ರ ಒಂದು ವರದಿ ಸಹೀಹ್ ಬುಖಾರಿಯಲ್ಲಿದೆ. ಯಮನ್‌ನ ಕೆಲವರು ತಾವು ಅಲ್ಲಾಹನ ಮೇಲೆ ಭರವಸೆಯಿಟ್ಟವರೆಂದು ಹೇಳಿ ಬುತ್ತಿಯಿಲ್ಲದೆ ಹಜ್ಜಿಗೆ ಹೊರಡುತ್ತಿದ್ದರು, ಮಕ್ಕಾ ತಲುಪಿ ಜನರ ಮುಂದೆ ಕೈಚಾಚುತ್ತಿದ್ದರು. ಅಲ್ ಬಖರಃದ 197ನೇ ಸೂಕ್ತ ಬುತ್ತಿ ಒಯ್ಯಬೇಕೆಂದು ಆದೇಶಿಸಿದ್ದು ಈ ಹಿನ್ನೆಲೆಯಲ್ಲಿ. ಮದ್ರಸದಲ್ಲಿ ಇದನ್ನು ಎಷ್ಟೋ ಸಲ ಓದಿದ್ದೆ. ಅರ್ಥವಾದದ್ದು ಆ ರಾತ್ರಿ, ಹೆಚ್ಚು ಓದಿರದ ನನ್ನ ಉಮ್ಮನ ಕೈಯಲ್ಲಿದ್ದ ನೋಟನ್ನು ಕಂಡಾಗ.