ಐದು ವರ್ಷ ಎಣಿಸುವವರು ಯಾರು?

“ಒಂದೈದು ವರ್ಷ ಮಿಲಿಟರಿ ಕೈಗೆ ಕೊಟ್ಟು ನೋಡ್ಬೇಕು, ಎಲ್ಲಾ ಸರಿಹೋಗುತ್ತೆ.” ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಮತ್ತೋಡಿನಲ್ಲಿ ಈ ಮಾತು ಕೇಳುತ್ತೇನೆ. ಪಕ್ಷಗಳ ಮೇಲಿನ ಬೇಸರದ ಮಾತು ಇದು. ಬೇಸರಕ್ಕೆ ಕಾರಣಗಳೂ ಇವೆ. ಆದರೆ ಟರ್ಕಿಯ ರಾಜಕೀಯದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ತಲೆಯಾಡಿಸಿ ಸುಮ್ಮನಿರಲು ಆಗುವುದಿಲ್ಲ.

ಸೇನೆಯ ಕೈಗೆ ಅಧಿಕಾರ ಹೋದರೆ ಏನಾಗುತ್ತದೆ ಎಂದು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತ.ರಾ.ಸು. ಅವರ ‘ರಕ್ತರಾತ್ರಿ’ ಓದಿದವರಿಗೆ ದುರ್ಗದ ದಳವಾಯಿ ಮುದ್ದಣ್ಣ ಗೊತ್ತು. ಮೈಸೂರಿನಲ್ಲೂ ಅದೇ ಕತೆ. 1734ರಲ್ಲಿ ದಳವಾಯಿಗಳು ಏಳನೇ ಚಾಮರಾಜ ಒಡೆಯರನ್ನು ಇಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ದೊರೆ ಅಲ್ಲೇ ತೀರಿಕೊಂಡರು. ಗದ್ದುಗೆಯ ಮೇಲೆ ಬಾಲಕ ಇಮ್ಮಡಿ ಕೃಷ್ಣರಾಜರನ್ನು ಕೂರಿಸಿ ದಳವಾಯಿಗಳೇ ಆಳಿದರು. ತಿರುಚಿರಾಪಳ್ಳಿಯ ಯುದ್ಧದಲ್ಲಿ ಬೊಕ್ಕಸ ಬರಿದಾಗಿ, ಸಂಬಳ ಸಿಗದ ಸೈನಿಕರು ದಂಗೆ ಎದ್ದಾಗಲೂ ಅವರನ್ನು ಕೇಳುವ ಪ್ರಜೆ ಇರಲಿಲ್ಲ. ಕೊನೆಗೆ ಅವರನ್ನು ಸರಿಸಿದ್ದು ಅದೇ ಸೇನೆಯ ಇನ್ನೊಬ್ಬ: 1761ರಲ್ಲಿ ಹೈದರ್ ಅಲಿ. 1779ರಲ್ಲಿ ದುರ್ಗವೂ ಅವನ ವಶವಾಯಿತು.

ಟರ್ಕಿಯ ಸೇನೆಗೆ ಎದುರಾದದ್ದು ಬೇರೆ ಬಗೆಯ ಶಕ್ತಿ. 1960ರ ಮೇ 27ರಂದು ಸೈನ್ಯ ಅಧಿಕಾರ ಹಿಡಿಯಿತು. ಆಳುತ್ತಿದ್ದ ಡೆಮಾಕ್ರಟ್ ಪಕ್ಷವನ್ನು ಮುಚ್ಚಲಾಯಿತು, ಮರುವರ್ಷ ಮಾಜಿ ಪ್ರಧಾನಿ ಅದ್ನಾನ್ ಮೆಂಡೆರೆಸ್‌ರನ್ನು ಗಲ್ಲಿಗೇರಿಸಲಾಯಿತು. ಆದರೆ ಆ ಪಕ್ಷದ ಮತದಾರರು ಎಲ್ಲಿಗೂ ಹೋಗಿರಲಿಲ್ಲ. ಅವರು ಹೊಸ ಜಸ್ಟಿಸ್ ಪಕ್ಷದ ಹಿಂದೆ ನಿಂತರು. 1965ರಲ್ಲಿ ಆ ಪಕ್ಷ ಸ್ವಂತ ಬಹುಮತದಿಂದ ಗೆದ್ದಿತು. ಅದರ ನಾಯಕ ಸುಲೇಮಾನ್ ಡೆಮಿರೆಲ್‌ರನ್ನು ಸೈನ್ಯ 1971ರಲ್ಲೂ 1980ರಲ್ಲೂ ಇಳಿಸಿತು. 1993ರಲ್ಲಿ ಅವರೇ ರಾಷ್ಟ್ರಪತಿಯಾದರು.

1980ರ ಸೆಪ್ಟೆಂಬರ್ 12ರಂದು ಜನರಲ್ ಕೆನನ್ ಎವ್ರೆನ್ ಬಂದಾಗ ಬಹಳಷ್ಟು ಜನ ನಿಟ್ಟುಸಿರು ಬಿಟ್ಟಿದ್ದರು ಎಂಬುದನ್ನೂ ಹೇಳಬೇಕು. ಬೀದಿಗಳಲ್ಲಿ ದಿನವೂ ಕೊಲೆಗಳಾಗುತ್ತಿದ್ದ ಕಾಲ ಅದು. ನಂತರ ಲಕ್ಷಾಂತರ ಜನ ಬಂಧನಕ್ಕೊಳಗಾದರು, ಇದ್ದ ಪಕ್ಷಗಳೆಲ್ಲ ರದ್ದಾದವು. 1983ರ ಚುನಾವಣೆಗೆ ಸೈನ್ಯ ಮೂರೇ ಪಕ್ಷಗಳಿಗೆ ಅವಕಾಶ ಕೊಟ್ಟಿತು. ಜನ ಸೈನ್ಯದ ಮೆಚ್ಚಿನ ಪಕ್ಷವನ್ನು ಮೂರನೇ ಸ್ಥಾನಕ್ಕೆ ತಳ್ಳಿ, ತುರ್ಗುತ್ ಓಝಾಲ್‌ರ ಪಕ್ಷವನ್ನು ಗೆಲ್ಲಿಸಿದರು. ಆದರೂ ಎವ್ರೆನ್ 1989ರವರೆಗೆ ರಾಷ್ಟ್ರಪತಿಯಾಗಿ ಉಳಿದರು. ಅವರ ಕಾಲದ 1982ರ ಸಂವಿಧಾನ ಹಲವು ತಿದ್ದುಪಡಿಗಳೊಂದಿಗೆ ಇವತ್ತಿಗೂ ಜಾರಿಯಲ್ಲಿದೆ. ನ್ಯಾಯಾಲಯ ಅವರನ್ನು ತಪ್ಪಿತಸ್ಥ ಎಂದದ್ದು 2014ರಲ್ಲಿ. ಆಗ ಅವರಿಗೆ 96 ವರ್ಷ.

ಹಾಗಾಗಿ “ಒಂದೈದು ವರ್ಷ” ಎನ್ನುವ ಗೆಳೆಯರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಐದು ವರ್ಷ ಮುಗಿಯಿತು ಎಂದು ಅವರಿಗೆ ಹೇಳುವವರು ಯಾರು? ದಳವಾಯಿಗಳ ಕಾಲದಲ್ಲಿ ಹಾಗೆ ಹೇಳಲು ಇನ್ನೊಂದು ಕತ್ತಿಯೇ ಬೇಕಾಯಿತು. ಟರ್ಕಿಯಲ್ಲಿ ಮತಪೆಟ್ಟಿಗೆ ಮತ್ತೆ ತೆರೆದಾಗಲೆಲ್ಲ ಜನ ಹೇಳಿದರು, ಮುಚ್ಚಿದ ಪಕ್ಷಗಳ ಜಾಗದಲ್ಲಿ ಹುಟ್ಟಿದ ಪಕ್ಷಗಳ ಮೂಲಕ. ನಮಗೆ ಬೇಸರ ತರಿಸುವ ಈ ಪಕ್ಷಗಳಿಗೆ ಕನಿಷ್ಠ ಐದು ವರ್ಷಕ್ಕೊಮ್ಮೆ ನಮ್ಮ ಊರಿಗೆ ಬಂದು ಕೈಮುಗಿಯುವುದು ತಪ್ಪುವುದಿಲ್ಲ.